ಕಾಡಿನೊಳಗಿನ ಜಲಪಾತಕ್ಕೆ ಚಾರಣ: ಪದೇ ಪದೇ ಕೇಳುವ ಪ್ರಶ್ನೆಗಳು

ರಸ್ತೆ ಮುಟ್ಟದ, ಜನಜಂಗುಳಿ ಇಲ್ಲದ ಜಲಪಾತವನ್ನು ನಡೆದೇ ಹೋಗಿ ನೋಡಬೇಕು ಎನ್ನುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಹಾವು ಮತ್ತು ಕಾಡುಪ್ರಾಣಿಗಳ ಬಗ್ಗೆ. ಆದರೆ ಈ ಚಾರಣದಲ್ಲಿ ನಾನು ಹೆಚ್ಚು ಹೆದರುವುದು ನೀರಿಗೆ ಮತ್ತು ಒದ್ದೆ ಬಂಡೆಗೆ. ಅದೂ ಜಲಪಾತ ಕಣ್ಣಿಗೆ ಬಿದ್ದ ಮೇಲೆ ಉಳಿಯುವ ಕೊನೆಯ ನೂರು ಹೆಜ್ಜೆಗಳಲ್ಲಿ. ಅಷ್ಟು ಹೊತ್ತಿಗೆ ಕಾಲು ಸೋತಿರುತ್ತದೆ, ಮನಸ್ಸು ಕುಣಿಯುತ್ತಿರುತ್ತದೆ, ಎಚ್ಚರ ತಪ್ಪುವುದು ಅಲ್ಲೇ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಆ ನೂರು ಹೆಜ್ಜೆಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿಂದೆಂದೂ ಚಾರಣ ಮಾಡಿಲ್ಲ. ನೇರವಾಗಿ ಇಂಥ ಜಾಗಕ್ಕೆ ಹೋಗಬಹುದೇ?

ದಾರಿ ಬಲ್ಲವರ ಜೊತೆಗಾದರೆ ಹೋಗಬಹುದು. ನಿಲ್ಲದೆ ಎರಡು ಗಂಟೆ ನಡೆಯಲು, ಬೆನ್ನಿಗೆ ನಾಲ್ಕೈದು ಕಿಲೋ ಹೊತ್ತು ಮೆಟ್ಟಿಲು ಹತ್ತಿ ಇಳಿಯಲು ನಿಮಗೆ ತೊಂದರೆ ಇಲ್ಲವೆಂದರೆ ಮೈ ಸಿದ್ಧವಾಗಿದೆ. ಒಂದು ವಿಷಯ ನೆನಪಿರಲಿ. ಬೆಟ್ಟದ ಚಾರಣದಲ್ಲಿ ಮೊದಲು ಏರು, ಆಮೇಲೆ ಇಳಿಜಾರು. ಜಲಪಾತ ಇರುವುದು ಕಣಿವೆಯ ತಳದಲ್ಲಿ, ಆದ್ದರಿಂದ ಎಷ್ಟೋ ಕಡೆ ಇದು ತಿರುವುಮುರುವು: ಹೋಗುವಾಗ ಸಲೀಸಾಗಿ ಇಳಿದುಬಿಡುತ್ತೀರಿ, ದಣಿದ ಕಾಲಿನಲ್ಲಿ ಹತ್ತಬೇಕಾಗಿರುವುದು ವಾಪಸ್ ಬರುವಾಗ. ಇಳಿಯುವಾಗಲೇ ಮಂಡಿ ನೋವು ಶುರುವಾದರೆ ಅಲ್ಲಿಂದಲೇ ತಿರುಗಿಬಿಡಿ.

ಯಾವ ಕಾಲ ಒಳ್ಳೆಯದು?

ಮಳೆಗಾಲ ಮುಗಿದ ನಂತರದ ವಾರಗಳು. ನೀರು ತುಂಬಿರುತ್ತದೆ, ಆದರೆ ತಿಳಿಯಾಗಿರುತ್ತದೆ. ಹಳ್ಳಗಳ ರಭಸ ಇಳಿದಿರುತ್ತದೆ, ಜಿಗಣೆಯ ಕಾಟವೂ ಕಡಿಮೆಯಾಗುತ್ತಾ ಬರುತ್ತದೆ. ಭೋರ್ಗರೆತ ನೋಡಬೇಕೆಂದು ಸುರಿಮಳೆಯಲ್ಲೇ ಹೋಗುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಆ ದಿನಗಳಲ್ಲಿ ಜಲಪಾತವನ್ನು ದೂರದ ಎತ್ತರದಿಂದ ನೋಡಿ, ಬುಡಕ್ಕೆ ಇಳಿಯಬೇಡಿ.

ಅನುಮತಿ ಬೇಕಾಗುತ್ತದೆಯೇ?

ಕಾಡು ಯಾರ ಸುಪರ್ದಿಯಲ್ಲಿದೆ ಎನ್ನುವುದರ ಮೇಲೆ ಅದು ನಿಂತಿದೆ. ವನ್ಯಧಾಮ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯಗಳಿಗೆ ಸಾಮಾನ್ಯವಾಗಿ ಬೇಕು. ಖಾಸಗಿ ಜಮೀನು ದಾಟಿ ಹೋಗಬೇಕಾದರೆ ಮಾಲೀಕರನ್ನು ಕೇಳಬೇಕು. ಹೊರಡುವ ಮುನ್ನ ಅಲ್ಲಿನ ಅರಣ್ಯ ಇಲಾಖೆಯನ್ನೇ ವಿಚಾರಿಸಿ. ಹೋದ ವರ್ಷ ಯಾರೋ ಹೋಗಿದ್ದರು ಎನ್ನುವುದು ಈ ವರ್ಷದ ಅನುಮತಿ ಆಗುವುದಿಲ್ಲ. 'ಪ್ರವೇಶ ನಿಷೇಧ' ಎಂಬ ಫಲಕ ಕಂಡರೆ ಅದರ ಹಿಂದೆ ಒಂದು ಸಾವೋ ಒಂದು ಭೂಕುಸಿತವೋ ಇರಬಹುದು ಎಂದೇ ತಿಳಿಯಿರಿ.

ಹೋಗಿಬರಲು ಎಷ್ಟು ಹೊತ್ತು ಹಿಡಿಯುತ್ತದೆ?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 5 ಕಿಲೋಮೀಟರ್ ದೂರ, 300 ಮೀಟರ್ ಏರು ಇದ್ದರೆ ಒಂದೂವರೆ ಗಂಟೆ ಆಯಿತು. ಇದು ಒಳ್ಳೆಯ ಹಾದಿಯಲ್ಲಿ, ಗಟ್ಟಿಮುಟ್ಟಾದವರ ನಡಿಗೆ. ಬೇರು, ಕೆಸರು, ಬಿದ್ದ ಮರ, ಹಳ್ಳ ಇರುವ ಕಾಡುದಾರಿಗೆ ನಾನು ಅದನ್ನು ನೇರ ಎರಡುಪಟ್ಟು ಮಾಡುತ್ತೇನೆ.

ಅದಕ್ಕಿಂತ ಮುಖ್ಯವಾದದ್ದು ತಿರುಗುವ ಸಮಯ. ಮನೆಯಲ್ಲಿ ಕೂತು, ಸಮಾಧಾನದಿಂದ, 'ಇಷ್ಟು ಗಂಟೆಗೆ ಎಲ್ಲಿದ್ದರೂ ವಾಪಸ್' ಎಂದು ನಿಶ್ಚಯಿಸಿ, ಜೊತೆಗಿರುವ ಎಲ್ಲರಿಗೂ ಹೇಳಿಬಿಡಿ. ದಟ್ಟ ಕಾಡಿನ ಕಣಿವೆಯಲ್ಲಿ ಸೂರ್ಯಾಸ್ತಕ್ಕೆ ಬಹಳ ಮುಂಚೆಯೇ ಕತ್ತಲಾವರಿಸುತ್ತದೆ. ನೀರಿನ ಸದ್ದು ಕೇಳುವಷ್ಟು ಹತ್ತಿರ ಬಂದು ಹಿಂದಿರುಗುವುದು ಕಷ್ಟ, ನಿಜ. ಅದಕ್ಕೇ ಆ ತೀರ್ಮಾನವನ್ನು ಅಲ್ಲಿ ನಿಂತು ಮಾಡಬಾರದು.

ಫೋನಿನಲ್ಲಿ ನಕ್ಷೆ ಇದೆ. ಮಾರ್ಗದರ್ಶಿ ಯಾಕೆ ಬೇಕು?

ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ಪವರ್ ಬ್ಯಾಂಕ್ ಇಟ್ಟುಕೊಂಡು ಹೋಗುವುದು ಒಳ್ಳೆಯದೇ. ಆದರೆ ಕಡಿದಾದ ಕಣಿವೆಯಲ್ಲಿ, ದಟ್ಟ ಮರಗಳ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸುವುದುಂಟು. ಕವಲು ದಾರಿಯಲ್ಲಿ ಅಷ್ಟು ಸಾಕು ತಪ್ಪಲು. ದನಗಳು, ಕಾಡುಪ್ರಾಣಿಗಳು ಓಡಾಡಿ ಬಿದ್ದ ಜಾಡೂ ಕಾಲುಹಾದಿಯ ಹಾಗೆಯೇ ಕಾಣುತ್ತದೆ. ನಿನ್ನೆ ರಾತ್ರಿ ಎಲ್ಲಿ ಮಳೆಯಾಯಿತು, ಯಾವ ಹಳ್ಳ ಇವತ್ತು ದಾಟಲು ಆಗುವುದಿಲ್ಲ ಎಂದು ಸ್ಥಳೀಯರು ಹೇಳಬಲ್ಲರು, ನಕ್ಷೆ ಹೇಳಲಾರದು.

ಆಗಾಗ ಹಿಂತಿರುಗಿ ನೋಡುತ್ತಾ ನಡೆಯಿರಿ. ವಾಪಸ್ ಬರುವಾಗ ದಾರಿ ಕಾಣುವುದು ಆ ಕಡೆಯಿಂದ.

ದಾರಿ ತಪ್ಪಿದರೆ ನೀರಿನ ಜಾಡು ಹಿಡಿದು ಕೆಳಗಿಳಿದರೆ ಊರು ಸಿಗುತ್ತದಂತಲ್ಲ?

ಜಲಪಾತಗಳ ನಾಡಿನಲ್ಲಿ ಈ ಮಾತನ್ನು ನಂಬಲೇಬೇಡಿ. ಒಂದು ಜಲಪಾತ ಇರುವ ತೊರೆಯಲ್ಲಿ ಅದರ ಕೆಳಗೆ ಇನ್ನೂ ಎರಡು ಇರಬಹುದು. ಇಕ್ಕಟ್ಟಾದ ಕೊರಕಲಿಗೆ ಇಳಿದ ಮೇಲೆ ಮುಂದೆ ಪ್ರಪಾತ, ಹಿಂದೆ ಜಾರುಬಂಡೆ ಎನ್ನುವಂತಾಗುತ್ತದೆ. ನೀರಿನ ಸದ್ದನ್ನು ಹಿಡಿದು ಹೋಗುವುದೂ ಅಷ್ಟೇ ಅಪಾಯ, ಕಣಿವೆಯ ಗೋಡೆಗಳಿಗೆ ಬಡಿದು ಬರುವ ಸದ್ದು ದಿಕ್ಕು ತಪ್ಪಿಸುತ್ತದೆ. ನಿಂತುಬಿಡಿ, ಉಸಿರು ತೆಗೆದುಕೊಳ್ಳಿ, ಕೊನೆಯದಾಗಿ ಖಚಿತವಾಗಿ ಗುರುತು ಸಿಕ್ಕ ಜಾಗಕ್ಕೆ ಬಂದ ದಾರಿಯಲ್ಲೇ ಹಿಂದಿರುಗಿ. ಅದೂ ತಿಳಿಯದಿದ್ದರೆ ಅಲ್ಲೇ ಕೂತು ಸೀಟಿ ಊದಿ.

ಬ್ಯಾಗಿನಲ್ಲಿ ಏನೇನು ಇರಬೇಕು?

ತಲೆಗೆ ಎರಡು ಲೀಟರಿನಂತೆ ನೀರು, ಬೆಂಕಿ ಬೇಡದ ಊಟ ತಿಂಡಿ, ಒಆರ್‌ಎಸ್ ಪೊಟ್ಟಣ, ಹೆಡ್‌ಲ್ಯಾಂಪ್, ಸೀಟಿ, ರೇನ್‌ಕೋಟ್, ಬ್ಯಾಂಡೇಜು ಮತ್ತು ನಂಜುನಿರೋಧಕ, ನೀವು ದಿನವೂ ತೆಗೆದುಕೊಳ್ಳುವ ಔಷಧಿ, ಹದಿನೈದು ಮೀಟರಿನಷ್ಟು ಗಟ್ಟಿ ಹಗ್ಗ. ಮೊಬೈಲ್ ಟಾರ್ಚ್ ಇದೆಯಲ್ಲ ಎಂದು ಹೆಡ್‌ಲ್ಯಾಂಪ್ ಬಿಡಬೇಡಿ. ಬಂಡೆ ಹತ್ತಲು ಎರಡೂ ಕೈ ಬೇಕು, ಸಹಾಯ ಕೋರಲು ಫೋನಿನಲ್ಲಿ ಚಾರ್ಜ್ ಬೇಕು.

ಒಂದು ಜೊತೆ ಒಣಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಡಿಯಲ್ಲಿಡಿ. ಚಳಿ ಇಲ್ಲದ ನಾಡಿನಲ್ಲೂ ನೆನೆದ ಬಟ್ಟೆ, ತುಂತುರು, ಗಾಳಿ ಮೂರೂ ಸೇರಿದರೆ ಮೈಶಾಖ ಇಳಿಯುತ್ತದೆ. ದೇಹದ ಒಳಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ತಡೆಯಲಾಗದ ನಡುಕ, ತೊದಲು ಮಾತು, ಪದೇ ಪದೇ ಎಡವುವುದು ಅದರ ಲಕ್ಷಣಗಳು.

ಯಾವ ಶೂ ಹಾಕಿಕೊಳ್ಳಬೇಕು?

ಅಡಿಯಲ್ಲಿ ಆಳವಾದ ಕಚ್ಚುಗಳಿರುವ, ಮೆತ್ತನೆ ರಬ್ಬರಿನ, ನೀರು ಒಳಹೋದರೆ ಹೊರಬರುವಂಥ ಶೂ. ಹೊಸ ಶೂ ಅಂದೇ ಮೊದಲ ಬಾರಿಗೆ ಬೇಡ. ಚಪ್ಪಲಿ ಬೇಡವೇ ಬೇಡ.

ಆದರೆ ಪಾಚಿಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ, ಇದನ್ನು ಒತ್ತಿ ಹೇಳಬೇಕು. ಬಂಡೆಯನ್ನು ಓದಲು ಕಲಿಯಿರಿ. ಒಣಗಿ ಬೂದುಬಣ್ಣಕ್ಕೆ ತಿರುಗಿದ, ತರಿತರಿಯಾದ ಬಂಡೆ ಹಿಡಿತ ಕೊಡುತ್ತದೆ. ಕಪ್ಪಗೆ ಹೊಳೆಯುವ ಬಂಡೆ ಮೇಲ್ನೋಟಕ್ಕೆ ಬರಿಗಲ್ಲು, ಬೆರಳಾಡಿಸಿ ನೋಡಿದರೆ ಲೋಳೆಯ ತೆಳುಪದರ ತಾಗುತ್ತದೆ. ಜಾರಿಸುವುದು ಎದ್ದು ಕಾಣುವ ಹಸಿರಿಗಿಂತ ಹೆಚ್ಚಾಗಿ ಈ ಕಪ್ಪೇ. ಹೆಜ್ಜೆ ಇಡುವ ಮೊದಲು ಪಾದದ ಮುಂಭಾಗವನ್ನು ಊರಿ, ಅರ್ಧ ಭಾರ ಬಿಟ್ಟು, ಆಚೀಚೆ ತುಸು ತಿರುವಿ ನೋಡಿ. ಕದಲಿದರೆ ಬೇರೆ ಜಾಗ ಹುಡುಕಿ. ಕುಳಿತುಕೊಂಡು, ಕೈ ಊರಿಕೊಂಡು ಸರಿಯುವುದರಲ್ಲಿ ಯಾವ ಅವಮಾನವೂ ಇಲ್ಲ. ಒಂದು ಬಂಡೆಯಿಂದ ಇನ್ನೊಂದಕ್ಕೆ ಮಾತ್ರ ಹಾರಬೇಡಿ.

ಜಿಗಣೆ ಹತ್ತಿದರೆ ಏನು ಮಾಡುವುದು?

ಮೊದಲು ಹೆದರಿಕೆ ಬಿಡಿ. ಮಲೆನಾಡಿನವರು ಇಂಬಳ ಎನ್ನುವ ಈ ಜೀವಿ ಹೀರುವುದು ಚೂರೇ ಚೂರು ರಕ್ತ. ಅದರ ಎರಡೂ ತುದಿಯಲ್ಲಿ ಹೀರುಬಟ್ಟಲು ಇರುತ್ತದೆ. ಸಣ್ಣ ತುದಿಯಲ್ಲಿ ಬಾಯಿ, ದಪ್ಪ ತುದಿ ಬರೀ ಹಿಡಿದುಕೊಳ್ಳಲು. ಸಣ್ಣ ತುದಿ ಚರ್ಮಕ್ಕೆ ತಾಗಿರುವಲ್ಲಿ ಉಗುರನ್ನು ಮಲಗಿಸಿ ಬದಿಯಿಂದ ಮೆಲ್ಲನೆ ಸರಿಸಿ, ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ, ಅದು ಬೆರಳಿಗೆ ಅಂಟುವ ಮುನ್ನ ದೂರ ಚಿಮ್ಮಿಸಿ. ಬೆಂಕಿ ತಾಗಿಸುವುದು, ಉಪ್ಪು ಸುರಿಯುವುದು, ಕಿತ್ತೆಳೆಯುವುದು ಬೇಡ. ಹೊಟ್ಟೆಯಲ್ಲಿದ್ದುದನ್ನು ಅದು ಗಾಯಕ್ಕೇ ಕಕ್ಕಬಹುದು, ನಂಜಾಗಬಹುದು.

ಜಿಗಣೆ ಬಿದ್ದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ, ಏಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿದೆ. ತೊಳೆದು, ಒತ್ತಿ ಹಿಡಿದು, ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರನ್ನು ಕೇಳಿರಬೇಕು. ಪ್ಯಾಂಟಿನ ಮೇಲೆ ಎಳೆದುಕೊಳ್ಳುವ ಒತ್ತು ನೇಯ್ಗೆಯ ಲೀಚ್ ಸಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಎಲೆ ಕೊಳೆತ ತೇವದ ನೆಲದಲ್ಲಿ ನಿಲ್ಲಬೇಡಿ. ನೆಲದ ಅದುರು, ಮೈಯ ಬಿಸಿ, ಉಸಿರು ಹಿಡಿದೇ ಅವು ನಿಮ್ಮನ್ನು ಹುಡುಕಿ ಬರುವುದು.

ಉಣ್ಣೆಗಳ ಬಗ್ಗೆಯೂ ಎಚ್ಚರ ಬೇಕೇ?

ಜಿಗಣೆಗಿಂತ ಹೆಚ್ಚು ಬೇಕು. ಉಣ್ಣೆ ಕಾಯಿಲೆ ಹರಡುತ್ತದೆ. 1957ರಲ್ಲಿ ಮೊದಲು ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ, ಮನುಷ್ಯರಿಗೆ ಬರುವುದು ಮುಖ್ಯವಾಗಿ ಉಣ್ಣೆಯಿಂದ. ಯುರೋಪ್, ಉತ್ತರ ಅಮೆರಿಕದ ಕಾಡುಗಳಲ್ಲಿ ಲೈಮ್ ರೋಗ ಹರಡುವುದೂ ಉಣ್ಣೆಯೇ. ತುಂಬುತೋಳಿನ ತಿಳಿಬಣ್ಣದ ಬಟ್ಟೆ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಬಂದ ಮೇಲೆ ಕಂಕುಳು, ಮಂಡಿ ಹಿಂಭಾಗ, ಕಿವಿ ಹಿಂದೆ, ಸೊಂಟಪಟ್ಟಿ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ನಂತರದ ವಾರಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಹಾವು ಕಚ್ಚಿದರೆ?

ಕಚ್ಚಿದ ಭಾಗ ಅಲುಗಾಡದಂತೆ ಕೋಲು ಕಟ್ಟಿ, ಉಂಗುರ, ಗಡಿಯಾರ ತೆಗೆದು, ಆದಷ್ಟು ಬೇಗ, ಸಾಧ್ಯವಾದರೆ ನಡೆಸದೆ ಹೊತ್ತುಕೊಂಡು, ಆಸ್ಪತ್ರೆಗೆ. ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ.

ಹೆಜ್ಜೇನು?

ಇದನ್ನು ಕೇಳುವವರೇ ಕಡಿಮೆ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರಗಳಲ್ಲಿ ಮತ್ತು ಕಡಿದಾದ ಬಂಡೆಗಳಲ್ಲಿ, ಜಲಪಾತದ ಅಕ್ಕಪಕ್ಕದ ಬಂಡೆಗೋಡೆಗಳೂ ಅದರಲ್ಲಿ ಸೇರಿವೆ. ತಲೆಯೆತ್ತಿ ನೋಡಿ. ಕಪ್ಪು ಅರ್ಧಚಂದ್ರದಂತೆ ನೇತಾಡುವ ಹುಟ್ಟು ಕಂಡರೆ ಅಲ್ಲಿ ಹೊಗೆ, ಡ್ರೋನ್, ಕಲ್ಲೆಸೆತ, ಗದ್ದಲ ಯಾವುದೂ ಕೂಡದು. ಎದ್ದವೆಂದರೆ ಮುಖ ಮುಚ್ಚಿಕೊಂಡು ದೂರ ಓಡಿ, ಆದರೆ ಜಾರುಬಂಡೆಯ ಕಡೆಗಲ್ಲ. ನೀರಿಗೆ ಹಾರಿದರೆ ಅವು ಮೇಲೆಯೇ ಕಾದಿರುತ್ತವೆ.

ಹಳ್ಳ ದಾಟುವುದು ಹೇಗೆ?

ಮಂಡಿಗಿಂತ ಮೇಲೆ ನೀರಿದ್ದು ರಭಸವಿದ್ದರೆ ದಾಟಬೇಡಿ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ಕೂಡ ದೊಡ್ಡವರನ್ನು ಕೆಡವಬಲ್ಲದು. ವೇಗ ಎರಡರಷ್ಟಾದರೆ ನೀರಿನ ತಳ್ಳು ನಾಲ್ಕರಷ್ಟಾಗುತ್ತದೆ. ಅಗಲವಾಗಿ ಹರಡಿ ಹರಿಯುವ ಜಾಗ ಆಳ ಕಡಿಮೆ ಇರುವ ಜಾಗ, ಇಕ್ಕಟ್ಟಾದ ಕಡೆ ದಾಟಲು ಹೋಗಬೇಡಿ. ಬ್ಯಾಗಿನ ಸೊಂಟಪಟ್ಟಿ ಬಿಚ್ಚಿ, ಬಿದ್ದರೆ ತಕ್ಷಣ ಕಳಚುವಂತಿರಲಿ. ನೀರು ಬರುವ ಕಡೆಗೆ ಮುಖ ಮಾಡಿ, ಕೋಲೂರಿ, ಅಡ್ಡಡ್ಡ ಸರಿಯಿರಿ. ಶೂ ಬಿಚ್ಚಬೇಡಿ. ಮೈಗೆ ಹಗ್ಗ ಕಟ್ಟಿಕೊಳ್ಳಬೇಡಿ, ಬಿದ್ದಾಗ ಅದೇ ಹಗ್ಗ ನೀರಿನಡಿ ಹಿಡಿದಿಡುತ್ತದೆ. ಜಲಪಾತದ ಮೇಲ್ಭಾಗದಲ್ಲಿ, ಬೀಳುವ ಅಂಚಿಗೆ ಹತ್ತಿರದಲ್ಲಿ, ಪಾದ ಮುಳುಗುವಷ್ಟೇ ನೀರಿದ್ದರೂ ದಾಟಕೂಡದು.

ನೀರು ಇದ್ದಕ್ಕಿದ್ದಂತೆ ಏರುತ್ತದೆ ಎನ್ನುತ್ತಾರೆ. ಮೊದಲೇ ಗೊತ್ತಾಗುವುದಿಲ್ಲವೇ?

ಸೂಚನೆ ಇರುತ್ತದೆ, ಆದರೆ ಸಿಗುವುದು ಕೆಲವೇ ನಿಮಿಷ. ನೀವು ನಿಂತ ಜಾಗದಲ್ಲಿ ಬಿಸಿಲಿರಬಹುದು. ನೀರು ಬರುವುದು ನಿಮ್ಮ ಕಣ್ಣಿಗೆ ಕಾಣದ ಮೇಲಿನ ಗುಡ್ಡಗಳಿಂದ. ಅಲ್ಲಿ ಸುರಿದ ಮಳೆಯೆಲ್ಲ ಕಡಿದಾದ ಇಳಿಜಾರುಗಳಲ್ಲಿ ಜಾರಿ ಇದೊಂದೇ ತೊರೆಗೆ ಸೇರುತ್ತದೆ. ಮೇಲೆ ಅಣೆಕಟ್ಟೆ ಇದ್ದರೆ ಗೇಟು ತೆರೆದಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಹವಾಮಾನ ವರದಿ ನೋಡುವಾಗ ಜಲಪಾತದ ಜಾಗಕ್ಕಿಂತ ಅದರ ಮೇಲಿನ ಗುಡ್ಡಸಾಲಿನ ಮಳೆ ನೋಡಿ, ಹಿಂದಿನ ದಿನದ್ದನ್ನೂ ಸೇರಿಸಿ. ನೆನೆದು ತುಂಬಿದ ಮಣ್ಣು ಹೊಸ ಮಳೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.

ಬುಡ ತಲುಪಿದ ಕೂಡಲೇ ಎರಡು ಕೆಲಸ ಮಾಡಿ. ಒಂದು, ಓಡಿ ಹತ್ತಬಹುದಾದ ಎತ್ತರದ ಜಾಗ ಯಾವುದು, ಅದಕ್ಕೆ ದಾರಿ ಯಾವುದು ಎಂದು ಗುರುತಿಸಿ. ಇನ್ನೊಂದು, ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಟ್ಟು, ಆಗಾಗ ಅದನ್ನು ನೋಡುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಕಲ್ಲು ಮುಳುಗಿದರೆ, ತಿಳಿನೀರು ಕದಡಿ ಕೆಂಪಾದರೆ, ತರಗೆಲೆ ಕಡ್ಡಿಗಳು ಗುಂಪುಗುಂಪಾಗಿ ತೇಲಿಬಂದರೆ, ಸದ್ದು ದಪ್ಪಗಾದರೆ ಎದ್ದುಬಿಡಿ. ನೀರು ಇದ್ದಕ್ಕಿದ್ದಂತೆ ತೀರಾ ಇಳಿದುಹೋದರೂ ಏಳಬೇಕು: ಮೇಲೆಲ್ಲೋ ಮಣ್ಣು ಕುಸಿದು, ಮರ ಬಿದ್ದು, ಹರಿವಿಗೆ ತಡೆಯಾಗಿರಬಹುದು, ಆ ಕಟ್ಟೆ ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ. ಬ್ಯಾಗು, ಶೂ, ಕ್ಯಾಮೆರಾ ಇದ್ದಲ್ಲೇ ಇರಲಿ. ಹೊಳೆಯ ಉದ್ದಕ್ಕೆ ಓಡದೆ ನೇರ ಮೇಲಕ್ಕೆ ಹತ್ತಿ.

ಆಚೆ ದಡದಲ್ಲಿ ಸಿಕ್ಕಿಕೊಂಡರೆ ಕಾಯಿರಿ. ಬೇಗ ಏರುವ ಸಣ್ಣ ಹಳ್ಳ ಮಳೆ ನಿಂತ ಮೇಲೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಅಲ್ಲೇ ರಾತ್ರಿ ಕಳೆಯಬೇಕಾಗಿ ಬಂದರೂ ತುಂಬಿದ ನೀರಿಗೆ ಇಳಿಯುವುದಕ್ಕಿಂತ ಅದು ಮೇಲು.

ಜಲಪಾತದ ನೇರ ಕೆಳಗೆ ನಿಲ್ಲಬಹುದೇ?

ಬೇಡ. ಮೇಲಿನ ಗಟ್ಟಿ ಶಿಲೆಯ ಕೆಳಗಿನ ಮೆದು ಶಿಲೆಯನ್ನು ನೀರು ಕೊರೆಯುತ್ತಾ ಹೋಗಿ, ಆಸರೆ ತಪ್ಪಿದ ಮೇಲಿನ ಬಂಡೆ ಒಂದು ದಿನ ಕಳಚಿ ಬೀಳುತ್ತದೆ. ಅನೇಕ ಜಲಪಾತಗಳು ಬೆಳೆಯುವ ರೀತಿಯೇ ಇದು. ನಯಾಗರದ ಟೇಬಲ್ ರಾಕ್ ಎಂಬ ಚಾಚುಬಂಡೆಯ ದೊಡ್ಡ ಭಾಗ 1850ರಲ್ಲಿ ಕುಸಿಯಿತು. ಹವಾಯಿಯ ಓಆಹು ದ್ವೀಪದ ಸೇಕ್ರೆಡ್ ಫಾಲ್ಸ್‌ನಲ್ಲಿ 1999ರ ಮೇ 9ರಂದು ಕಣಿವೆಯ ಗೋಡೆಯಿಂದ ಬಂಡೆಗಳು ಉರುಳಿ, ಕೆಳಗೆ ಸೇರಿದ್ದವರಲ್ಲಿ 8 ಮಂದಿ ಸತ್ತರು. ಆ ಕಾಲುಹಾದಿಯನ್ನು ಅಂದಿನಿಂದ ಮುಚ್ಚಲಾಗಿದೆ. ನೀರಿನ ಜೊತೆ ಮುಷ್ಟಿಗಾತ್ರದ ಕಲ್ಲೊಂದು ಬಂದರೂ ಸಾಕು.

ಈಜು ಚೆನ್ನಾಗಿ ಬರುತ್ತದೆ. ಮಡುವಿನಲ್ಲಿ ಈಜಬಹುದಲ್ಲ?

ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಮೇಲಿಂದ ಬಿದ್ದ ನೀರು ಮಡುವಿನ ತಳಕ್ಕೆ ಹೋಗಿ, ಮೇಲೆದ್ದು, ಅದರ ಒಂದು ಪಾಲು ಮತ್ತೆ ಜಲಪಾತದ ಬುಡಕ್ಕೇ ಸುತ್ತಿಕೊಂಡು ಬರುತ್ತದೆ. ಆ ಸುತ್ತಿನಲ್ಲಿ ಸಿಕ್ಕವರನ್ನು ನೀರು ಮತ್ತೆ ಮತ್ತೆ ಒಳಕ್ಕೆ ಎಳೆಯುತ್ತದೆ. ಬೆಳ್ಳಗೆ ನೊರೆಯೆದ್ದ ಭಾಗದಲ್ಲಿ ನೀರಿನ ತುಂಬ ಗಾಳಿಗುಳ್ಳೆಗಳಿರುವುದರಿಂದ ಅದು ಮೈಯನ್ನು ಸರಿಯಾಗಿ ತೇಲಿಸುವುದಿಲ್ಲ, ಕೈಕಾಲು ಬಡಿದರೂ ಹಿಡಿತ ಸಿಗುವುದಿಲ್ಲ. ಬದಿಗಳಲ್ಲಿ ನೀರು ಕೊರೆದ ಪೊಟರೆಗಳಿರುತ್ತವೆ, ಮುಳುಗಿದ ಮರದ ಕೊಂಬೆಗಳಿರುತ್ತವೆ, ಮೇಲಿಂದ ಯಾವುದೂ ಕಾಣದು.

ತಣ್ಣೀರಿನ ಪೆಟ್ಟು ಬೇರೆ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಒಮ್ಮೆಲೇ ಬಿದ್ದರೆ ನಮ್ಮ ಅಂಕೆ ಮೀರಿ ಏದುಸಿರು ಬರುತ್ತದೆ. ಆ ಕ್ಷಣ ತಲೆ ನೀರಿನಡಿ ಇದ್ದರೆ ಒಳಗೆಳೆದುಕೊಳ್ಳುವುದು ನೀರನ್ನೇ. ಮೊದಲ ಒಂದೆರಡು ನಿಮಿಷ ದಾಟಿದರೆ ಉಸಿರು ಹತೋಟಿಗೆ ಬರುತ್ತದೆ.

ಮೇಲಿಂದ ಹಾರುವ ಮಾತು ತೆಗೆಯಲೇಬೇಡಿ. 10 ಮೀಟರ್ ಎತ್ತರದಿಂದ ಹಾರಿದರೆ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್ ಇರುತ್ತದೆ. ಮೇಲಿಂದ ನೋಡುವಾಗ ನೀರಿನ ಆಳದ ಅಂದಾಜು ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ, ಹೋದ ವರ್ಷ ಆಳವಿದ್ದಲ್ಲಿ ಈ ಮಳೆಗಾಲ ಬಂಡೆ ಬಂದು ಕೂತಿರಬಹುದು.

ಇಳಿಯಲೇಬೇಕೆಂದರೆ ಜಲಪಾತದಿಂದ ದೂರ, ಹೊರಹರಿವು ನಿಧಾನವಾಗಿರುವ, ತಳ ಕಾಣುವ ಕಡೆ, ಸೊಂಟಮಟ್ಟದವರೆಗೆ ಮಾತ್ರ. ಮದ್ಯ ಕುಡಿದವರನ್ನು ನೀರಿನ ಹತ್ತಿರವೂ ಬಿಡಬೇಡಿ.

ಯಾರಾದರೂ ನೀರಿನಲ್ಲಿ ಮುಳುಗುತ್ತಿದ್ದರೆ?

ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿ ಮಳೆಗಾಲವೂ ಓದುತ್ತೇವೆ, ಓದಿದಾಗಲೆಲ್ಲ ಹೊಟ್ಟೆ ಹಿಂಡುತ್ತದೆ. ಬ್ಯಾಗಿನಲ್ಲಿ ಹಗ್ಗ ಇರಲಿ ಎಂದದ್ದು ಇದಕ್ಕೇ. ಹಗ್ಗ, ಉದ್ದ ಕೋಲು, ಗಂಟು ಹಾಕಿದ ಬಟ್ಟೆ, ಮುಚ್ಚಳ ಬಿಗಿದ ಖಾಲಿ ಬಾಟಲಿ, ಏನು ಸಿಕ್ಕಿದರೂ ಎಸೆಯಿರಿ, ನೀವು ದಡದಲ್ಲೇ ಮಲಗಿ ಎಳೆಯಿರಿ. ಹೊರತೆಗೆದ ಮೇಲೆ ಉಸಿರಿಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಹೊತ್ತು ಕಳೆಯಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ತಕ್ಷಣ ಶುರುವಾಗಬೇಕು. ಹೊರಡುವ ಮುನ್ನ ಗುಂಪಿನಲ್ಲಿ ಇಬ್ಬರಾದರೂ ಸಿಪಿಆರ್ ಎನ್ನುವ ಈ ವಿಧಾನ ಕಲಿತಿರಲಿ.

ನೆಟ್‌ವರ್ಕ್ ಇಲ್ಲದ ಕಡೆ ಸಹಾಯ ಕೇಳುವುದು ಹೇಗೆ?

ಸೀಟಿ. ಒಂದು ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಬಾರಿ. ಇದು ಪರ್ವತಾರೋಹಿಗಳ ಸಂಕಟದ ಸಂಕೇತ, ಮೂರು ಬಾರಿ ಊದಿದರೆ 'ಕೇಳಿಸಿತು' ಎಂದರ್ಥ. ಕತ್ತಲಲ್ಲಿ ಟಾರ್ಚಿನಿಂದಲೂ ಹೀಗೇ. ಜಲಪಾತದ ಹತ್ತಿರ ಸೀಟಿಯೂ ಕೇಳದು, ಸ್ವಲ್ಪ ದೂರ ಸರಿದು ಊದಿ. ಸಿಗ್ನಲ್ ಸಿಗುವ ಎತ್ತರ ಹತ್ತಿರವಿದ್ದರೆ 112ಕ್ಕೆ ಕರೆ ಮಾಡಿ. ಭಾರತದಲ್ಲೂ ಯುರೋಪಿನಲ್ಲೂ ಇದೇ ತುರ್ತು ಸಂಖ್ಯೆ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯದು ಇದ್ದರೂ ಸಾಮಾನ್ಯವಾಗಿ ಕರೆ ಹೋಗುತ್ತದೆ. ಇದೆಲ್ಲಕ್ಕಿಂತ ಮೊದಲು, ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯವರಿಗೋ ಸ್ನೇಹಿತರಿಗೋ ಬರೆದು ಕೊಟ್ಟಿರಿ.

ಒಬ್ಬರೇ ಹೋಗಬಹುದೇ? ಮಕ್ಕಳನ್ನು ಕರೆದೊಯ್ಯಬಹುದೇ?

ಒಬ್ಬರೇ ಬೇಡ. ನಾಲ್ವರಿದ್ದರೆ ಒಳ್ಳೆಯದು: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಜೊತೆಗಿದ್ದು ಇಬ್ಬರು ಸಹಾಯಕ್ಕೆ ಹೋಗಬಹುದು. ಮಕ್ಕಳನ್ನು ಸುಲಭ ದಾರಿಗಳಿಗೆ ಕರೆದೊಯ್ಯಿರಿ, ನೀರಿನ ಬಳಿ ಒಂದು ಮಗುವಿಗೆ ಒಬ್ಬ ದೊಡ್ಡವರ ಕೈ ಹಿಡಿತ ಕಡ್ಡಾಯ.

ಹರಿಯುವ ನೀರು ಶುದ್ಧ ಅಲ್ಲವೇ? ಹಾಗೇ ಕುಡಿಯಬಹುದಲ್ಲ?

ಹರಿಯುವ ನೀರು ತಿಳಿಯಾಗಿ ಕಾಣಬಹುದು, ಆದರೆ ಹರಿವು ರೋಗಾಣುಗಳನ್ನು ಕೊಲ್ಲುವುದಿಲ್ಲ. ಮೇಲೆ ಪ್ರಾಣಿ ಸತ್ತು ಬಿದ್ದಿದ್ದರೂ ಇಲ್ಲಿ ತಿಳಿಯುವುದಿಲ್ಲ. ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಕುದಿಸಿದ ನೀರು ಕುಡಿಯಬಹುದು. ಇಲ್ಲವೇ ಫಿಲ್ಟರ್ ಬಳಸಿ. ಕಾಲಿನಲ್ಲಿ ಹಸಿಗಾಯ ಇದ್ದರೆ ಮುಚ್ಚಿಕೊಂಡು ನೀರಿಗಿಳಿಯಿರಿ, ಪ್ರಾಣಿಗಳ ಮೂತ್ರದಿಂದ ಹರಡುವ ಇಲಿಜ್ವರ ಗಾಯದ ಮೂಲಕ ಒಳಹೋಗುತ್ತದೆ.

ಶೌಚ, ಸೋಪು, ಕಸ?

ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಮುಗಿದ ಮೇಲೆ ಮುಚ್ಚಿ. ಟಿಶ್ಯೂ, ಸ್ಯಾನಿಟರಿ ಪ್ಯಾಡ್ ವಾಪಸ್ ತನ್ನಿ. ಸೋಪು, ಶಾಂಪೂ ಹೊಳೆಗೆ ತಾಗಕೂಡದು. ಹಣ್ಣಿನ ಸಿಪ್ಪೆಯನ್ನೂ ಬಿಟ್ಟು ಬರಬೇಡಿ.

ಬಂಡೆಯ ಮೇಲಿನ ಹಾವಸೆ ತುಳಿದರೆ ಏನು ಮಹಾ ನಷ್ಟ?

ಜಲಪಾತದ ತುಂತುರು ಬೀಳುವ ವಲಯ ತಾನೇ ಒಂದು ಪುಟ್ಟ ಲೋಕ. ವರ್ಷವಿಡೀ ಒದ್ದೆಯಾಗಿರುವ ಆ ಒಂದಿಷ್ಟು ಜಾಗದಲ್ಲಿ ಬೇರೆಲ್ಲೂ ಬದುಕಲಾಗದ ಜೀವಿಗಳಿರಬಹುದು. ತಾಂಜಾನಿಯದ ಕಿಹಾನ್ಸಿ ಜಲಪಾತದ ತುಂತುರಿನಲ್ಲಿ ಮಾತ್ರ ಬದುಕಿದ್ದ ಹಳದಿ ಬಣ್ಣದ ಪುಟ್ಟ ಕಪ್ಪೆಯೊಂದಿತ್ತು. ಅದು ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 1990ರ ದಶಕದಲ್ಲಿ. 2000ದಲ್ಲಿ ವಿದ್ಯುತ್ ಯೋಜನೆಗಾಗಿ ನೀರು ತಿರುಗಿಸಿದ ಮೇಲೆ ತುಂತುರು ನಿಂತಿತು. ಕಪ್ಪೆಗಳನ್ನು ಕಾಡುವ ಕೈಟ್ರಿಡ್ ಎಂಬ ಶಿಲೀಂಧ್ರವೂ ಅಲ್ಲಿ ಕಂಡುಬಂತು. 2009ರಲ್ಲಿ ಆ ಕಪ್ಪೆ ಕಾಡಿನಿಂದ ಅಳಿದುಹೋಗಿದೆ ಎಂದು ಘೋಷಿಸಲಾಯಿತು. ಅಮೆರಿಕದ ಮೃಗಾಲಯಗಳಲ್ಲಿ ಉಳಿಸಿ ಬೆಳೆಸಿದ್ದ ಕಪ್ಪೆಗಳನ್ನು 2012ರಲ್ಲಿ, ಕೃತಕ ತುಂತುರಿನ ವ್ಯವಸ್ಥೆ ಮಾಡಿ, ಮರಳಿ ತಂದು ಬಿಡಬೇಕಾಯಿತು.

ಕೈಟ್ರಿಡ್ ಶೂಗೆ ಮೆತ್ತಿದ ಒದ್ದೆ ಮಣ್ಣಿನ ಜೊತೆಗೂ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಆದ್ದರಿಂದ ಒಂದು ಜಲಪಾತ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಶೂ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ನಡೆಯುವಾಗ ಈಗಾಗಲೇ ಸವೆದ ಜಾಡಿನಲ್ಲೇ ನಡೆಯಿರಿ. ಕಲ್ಲುಗಳನ್ನು ಎತ್ತಿ ಗೋಪುರ ಕಟ್ಟಬೇಡಿ, ಆ ಕಲ್ಲುಗಳಡಿ ಮೊಟ್ಟೆಗಳಿರುತ್ತವೆ.

ಫೋಟೊ ಜೊತೆ ಲೊಕೇಶನ್ ಹಾಕಬಹುದೇ?

ಅನುಮತಿ, ಕಾವಲು, ಕಾಲುಹಾದಿ ಎಲ್ಲ ಇರುವ ಜಾಗವಾದರೆ ಹಾಕಿ. ಯಾವ ವ್ಯವಸ್ಥೆಯೂ ಇಲ್ಲದ ನಿರ್ಜನ ಜಲಪಾತವಾದರೆ ಹಾಕಬೇಡಿ ಎನ್ನುವುದು ನನ್ನ ಖಚಿತ ನಿಲುವು. ಪಿನ್ ನೋಡಿ ಬರುವವರಿಗೆ ದಾರಿ ಸಿಗುತ್ತದೆ, ಎಲ್ಲಿ ಬಂಡೆ ಜಾರುತ್ತದೆ, ನೀರು ಯಾವಾಗ ಏರುತ್ತದೆ ಎಂಬುದು ಸಿಗುವುದಿಲ್ಲ. ಕೇಳಿದವರಿಗೆ ಖುದ್ದಾಗಿ ಹೇಳಿ, ಈ ಎಚ್ಚರಿಕೆಗಳನ್ನೂ ಸೇರಿಸಿ ಹೇಳಿ.